ಹೆಪ್ಪಾಗದ ಹಾಲು

ಹೋದ ವರ್ಷ ಧನುರ್ಮಾಸದಲ್ಲಿ ಒಂದಿನ ಬೆಳಗ್ಗೆ ಅಮ್ಮ ಫೋನ್ ಮಾಡಿ, ಮೊಸರು ಹೆಪ್ಪಾಗ್ತಿಲ್ಲ ಕಣೋ ಅಂದ್ಲು. ರಾತ್ರಿ ಎಂದಿನ ಹಾಗೇ ಹಾಲು ಕಾಯ್ಸಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಹೆಪ್ಪು ಹಾಕಿ, ಒಲೆ ಪಕ್ಕ ಇಟ್ಟು ಮಲ್ಗಿದಾಳೆ, ಬೆಳಗ್ಗೆ ಎದ್ದು ಮುಚ್ಚಳ ತೆಗೆದ್ರೆ ಹಾಲು ಹಾಲಾಗೇ ಇದೆ. ಚಳಿಗೆ ಹಿಂಗಾಗುತ್ತೆ ಅಂದ್ಕೊಂಡು ಮಾರನೇ ದಿನ ಪಾತ್ರೆಗೆ ಟವಲ್ ಸುತ್ತಿ ಅಕ್ಕಿ ಡಬ್ಬದೊಳಗೆ ಇಟ್ಳಂತೆ. ಆಗ್ಲೂ ಇಲ್ಲ. ಪಕ್ಕದ ಮನೆಯಿಂದ ಹೊಸ ಹೆಪ್ಪು ಇಸ್ಕೊಂಡು ಬಂದು ಹಾಕಿದ್ರೂ ಇಲ್ಲ. ನಲವತ್ತು ವರ್ಷದಿಂದ ಆ ಮನೇಲಿ ಮೊಸರು ಮಾಡ್ತಿರೋ ಹೆಂಗಸಿಗೆ ಹೆಪ್ಪು ಹಾಕೋದು ನಾನು ಹೇಳ್ಕೊಡೋ ವಿಷಯ ಅಲ್ಲ, ಅದಕ್ಕೇ ನಾನು ಕೇಳಿದ್ದು ಒಂದೇ, ನಮ್ಮ ಹಸು ಚುಕ್ಕಿಗೆ ಇಂಜೆಕ್ಷನ್ ಹಾಕ್ಸಿದ್ಯಾ ಅಂತ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಹೂಂ, ಮತ್ತೆ ಕೆಚ್ಚಲು ಬಾವು ಬಂದಿತ್ತು, ಹಿಂದಿನ ಬಲಗಡೆ ಮೊಲೆ, ಅದ್ರ ಹಾಲು ಬೇರೆ ತೆಗೆದು ಚೆಲ್ತಾ ಇದೀನಿ, ಉಳಿದ ಮೂರು ಮೊಲೆ ಹಾಲು ಚೆನ್ನಾಗೇ ಇದೆಯಲ್ಲ ಅಂದ್ಲು.

ಚನ್ನರಾಯಪಟ್ಟಣದ ಕಡೆ ಊರು ನಮ್ದು. ಮನೇಲಿ ಎರಡು ಹಸು, ಚುಕ್ಕಿ ಮತ್ತು ಗೌರಿ, ಎರಡೂ ಎಚ್‌ಎಫ್ ಕ್ರಾಸು. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕಿದ್ರೆ ಮನೆ ಖರ್ಚು ನಡಿಯುತ್ತೆ. ನಾನು ಬೆಂಗಳೂರಲ್ಲಿ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಲ್ಲಿ ಕೆಲಸ ಮಾಡ್ತೀನಿ, ಅಂದ್ರೆ ಪೇಶೆಂಟ್‌ಗಳ ಮೂತ್ರ, ರಕ್ತ, ಕೀವು ಇದರಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತೆ, ಯಾವ ಆಂಟಿಬಯಾಟಿಕ್‌ಗೆ ಸಾಯುತ್ತೆ, ಯಾವುದಕ್ಕೆ ಸಾಯಲ್ಲ ಅಂತ ನೋಡಿ ರಿಪೋರ್ಟ್ ಕಳಿಸೋದು. ಈ ಕೆಲಸ ಮಾಡ್ಕೊಂಡು ಹನ್ನೊಂದು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ಕೊಟ್ಟಿಗೆ ಬೇರೆ, ಲ್ಯಾಬು ಬೇರೆ ಅಂತ್ಲೇ ನಾನು ಬದುಕಿದ್ದೆ, ಊರಿಗೆ ಹೋದಾಗ ಸೆಗಣಿ ಬಾಚ್ತಿದ್ದೆ, ವಾಪಸ್ ಬಂದು ಗ್ಲೌಸ್ ಹಾಕ್ಕೊಂಡು ಪ್ಲೇಟ್ ನೋಡ್ತಿದ್ದೆ, ಎರಡಕ್ಕೂ ಮಧ್ಯೆ ದಾರಿ ಇದೆ ಅಂತ ಪುಸ್ತಕದಲ್ಲಿ ಓದಿದ್ದು ಪುಸ್ತಕದಲ್ಲೇ ಉಳ್ಕೊಂಡಿತ್ತು.

ಮೊದಲು ಆ ಮೂರು ಮೊಲೆ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಹಸು ಸಾಕೋರ ಮನೇಲಿ ಇದನ್ನ ತುಂಬಾ ಜನ ಹಂಗೇ ನಂಬ್ಕೊಂಡಿರ್ತಾರೆ. ಕೆಚ್ಚಲಲ್ಲಿ ನಾಲ್ಕು ಭಾಗ ಬೇರೆ ಬೇರೆ ಹೌದು, ಒಂದರ ಹಾಲು ಇನ್ನೊಂದಕ್ಕೆ ಹೋಗಲ್ಲ, ಆದ್ರೆ ಕತ್ತಿಗೋ ತೊಡೆಗೋ ಹಾಕೋ ಇಂಜೆಕ್ಷನ್ ರಕ್ತಕ್ಕೆ ಹೋಗುತ್ತೆ, ರಕ್ತ ನಾಲ್ಕೂ ಭಾಗಕ್ಕೆ ಹೋಗುತ್ತೆ, ಅದ್ರ ಜೊತೆ ಔಷಧಿ ನಾಲ್ಕೂ ಮೊಲೆ ಹಾಲಿಗೆ ಇಳಿಯುತ್ತೆ. ಕಣ್ಣಿಗೆ ಕಾಣಲ್ಲ, ರುಚಿ ಗೊತ್ತಾಗಲ್ಲ, ಕಾಯ್ಸಿದ್ರೂ ಪೂರ್ತಿ ಹೋಗಲ್ಲ. ಅದನ್ನ ಕಂಡುಹಿಡಿದಿದ್ದು ನಮ್ಮನೆ ಹೆಪ್ಪು. ಮೊಸರು ಮಾಡೋದೂ ಬ್ಯಾಕ್ಟೀರಿಯಾಗಳೇ ಅಲ್ವಾ, ಹಾಲಲ್ಲಿ ಉಳ್ಕೊಂಡಿದ್ದ ಔಷಧಿ ಅವನ್ನ ಎದ್ದೇಳೋಕೆ ಬಿಡ್ಲಿಲ್ಲ. ಅಮ್ಮನ ಅಡಿಗೆ ಮನೇಲಿ ನಡೆದಿದ್ದೂ ನನ್ನ ಲ್ಯಾಬಿನ ಟೆಸ್ಟೂ ಒಂದೇ.

ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನ ಬರೀದೇ ಮುಂದೆ ಹೋಗೋಕಾಗಲ್ಲ. ಆ ವರ್ಷ ಚುಕ್ಕಿಗೆ ಬಾವು ಬಂದಿದ್ದು ಮೂರನೇ ಸಲ. ಎರಡನೇ ಸಲ ಬಂದಾಗ ಹಸು ಡಾಕ್ಟ್ರು ಬೇರೆ ಊರಿಗೆ ಹೋಗಿದ್ರು, ಅಮ್ಮ ಗಾಬರಿಯಾಗಿ ನಂಗೆ ಫೋನ್ ಮಾಡಿದ್ಲು, ನಾನು ಇಲ್ಲಿಂದ್ಲೇ ಮೊದಲನೇ ಸಲ ಹಾಕಿದ್ದ ಔಷಧಿ ಬಾಟ್ಲಿ ಫೋಟೋ ತರ್ಸಿಕೊಂಡು, ಸೆಫ್ಟ್ರಿಯಾಕ್ಸೋನ್ ಇದು, ಇದನ್ನೇ ಹಾಕ್ಸು ಅಂದೆ. ಎರಡು ದಿನಕ್ಕೆ ಊತ ಇಳೀತು, ಹಾಲಲ್ಲಿ ಗಡ್ಡೆ ಬರೋದು ನಿಂತ್ತು, ಅಮ್ಮ ಸಾಕು ಅಂತ ನಿಲ್ಲಿಸಿದ್ಲು, ನಾನೂ ಸುಮ್ನಾದೆ. ಪೇಶೆಂಟ್ ಯಾರಾದ್ರೂ ಹಿಂಗೆ ಮಾಡಿದ್ರೆ ಬೈಯ್ಯೋನು ನಾನು. ಮೂರನೇ ಸಲ ಅದೇ ಇಂಜೆಕ್ಷನ್ ಐದು ದಿನ ಹಾಕಿದ್ರೂ ಬಾವು ಇಳೀಲಿಲ್ಲ. ಹಸು ಮೈಗೆ ಔಷಧಿ ಒಗ್ಗೋಗಿದೆ ಅಂದ್ಲು ಅಮ್ಮ.

ಊರಿಗೆ ಹೋದೆ. ಮೊಲೆತೊಟ್ಟನ್ನ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮೊದಲ ನಾಲ್ಕು ಸೆರೆ ಚೆಲ್ಲಿ, ಸ್ಟೆರೈಲ್ ಬಾಟ್ಲಿಗೆ ಹಾಲು ಕರೆದು, ಐಸ್ ಹಾಕಿದ ಡಬ್ಬದಲ್ಲಿಟ್ಟು, ಪ್ರಾಣಿಗಳ ಸ್ಯಾಂಪಲ್ ನೋಡೋ ಲ್ಯಾಬಿಗೆ ಕೊಟ್ಟು ಬಂದೆ. ಮೂರು ದಿನ ಬಿಟ್ಟು ರಿಪೋರ್ಟ್ ವಾಟ್ಸಾಪಲ್ಲಿ ಬಂತು, ಆಗ ನಾನು ಡ್ಯೂಟೀಲಿದ್ದೆ, ಕೈಯಲ್ಲಿ ಒಬ್ಬ ಅಜ್ಜಿಯ ಮೂತ್ರದ ಕಲ್ಚರ್ ಪ್ಲೇಟ್ ಇತ್ತು. ಪ್ಲೇಟ್ ಮೇಲೆ ಬಟನ್ನಿನಷ್ಟು ಬಿಳಿ ಬಿಲ್ಲೆಗಳನ್ನ ಇಟ್ಟಿರ್ತೀವಿ, ಒಂದೊಂದರಲ್ಲೂ ಒಂದೊಂದು ಔಷಧಿ, ಬ್ಯಾಕ್ಟೀರಿಯಾ ಸತ್ರೆ ಬಿಲ್ಲೆ ಸುತ್ತ ಖಾಲಿ ಉಂಗುರ ಬರುತ್ತೆ, ಸಾಯದಿದ್ರೆ ಬಿಲ್ಲೆ ಅಂಚಿನವರೆಗೂ ಹುಲ್ಲು ಬೆಳೆದ ಹಾಗೆ ಬೆಳೆದಿರುತ್ತೆ. ಅಜ್ಜಿ ಪ್ಲೇಟಲ್ಲಿ ಬೆಳೆದಿದ್ದು ‘ಈ ಕೊಲೈ’ (E. coli) ಅನ್ನೋ ಹೆಸರಿನ, ಕರುಳಲ್ಲಿರೋ ಬ್ಯಾಕ್ಟೀರಿಯಾ, ಚುಕ್ಕಿ ಹಾಲಲ್ಲೂ ಈ ಕೊಲೈ. ಆಂಪಿಸಿಲಿನ್‌ಗೆ ಉಂಗುರ ಇಲ್ಲ, ಟೆಟ್ರಾಸೈಕ್ಲಿನ್‌ಗೆ ಇಲ್ಲ, ಸೆಫ್ಟ್ರಿಯಾಕ್ಸೋನ್‌ಗೆ ಇಲ್ಲ. ಅಲ್ಲಿ ಸಿಪ್ರೋಫ್ಲಾಕ್ಸಸಿನ್‌ಗೆ ಇಲ್ಲ, ಇಲ್ಲಿ ಅದರ ಅಣ್ಣತಮ್ಮನ ಹಾಗಿರೋ ಎನ್ರೋಫ್ಲಾಕ್ಸಸಿನ್‌ಗೆ ಇಲ್ಲ. ಎರಡೂ ಒಂದೇ ರೋಗಾಣು ಅಂತ ನಾನು ಹೇಳ್ತಿಲ್ಲ, ಆ ಅಜ್ಜಿಗೂ ನಮ್ಮ ಕೊಟ್ಟಿಗೆಗೂ ಸಂಬಂಧ ಇಲ್ಲ. ಆದ್ರೆ ಎರಡರ ಮೇಲೂ ಅದೇ ನಾಲ್ಕು ‘ಆರ್’ ಇದ್ವು, ಆರ್ ಅಂದ್ರೆ ರೆಸಿಸ್ಟೆಂಟ್. ನಾನು ಸ್ಟೂಲ್ ಮೇಲೆ ಕೂತ್ಬಿಟ್ಟೆ.

ಅಮ್ಮ ಹೇಳಿದ್ದು, ಹಸು ಮೈಗೆ ಔಷಧಿ ಒಗ್ಗೋಗಿದೆ ಅನ್ನೋದು, ಎಲ್ಲರೂ ಹೇಳೋ ಮಾತು, ಮನುಷ್ಯರ ವಿಷಯದಲ್ಲೂ ಹೇಳ್ತಾರೆ. ಹಸು ಮೈಗೆ ಏನೂ ಆಗಿರಲ್ಲ. ಬದಲಾಗಿರೋದು ರೋಗಾಣು. ಅದೂ ಔಷಧಿ ನೋಡಿ ಕಲಿತು ಬದಲಾಗಿದ್ದಲ್ಲ. 1952ರಲ್ಲಿ ಅಮೆರಿಕದಲ್ಲಿ ಎಸ್ತರ್ ಲೆಡರ್‌ಬರ್ಗ್ ಮತ್ತೆ ಅವರ ಗಂಡ ಜೋಶುವಾ ಲೆಡರ್‌ಬರ್ಗ್ ಒಂದು ಸರಳ ಪ್ರಯೋಗ ಮಾಡಿದ್ರು. ಬ್ಯಾಕ್ಟೀರಿಯಾ ಬೆಳೆದ ಪ್ಲೇಟಿನ ಮೇಲೆ ವೆಲ್ವೆಟ್ ಬಟ್ಟೆ ಒತ್ತಿ, ಅದೇ ಬಟ್ಟೇನ ಔಷಧಿ ಹಾಕಿದ ಪ್ಲೇಟ್‌ಗಳಿಗೆ ಮುದ್ರೆ ಒತ್ತೋ ಹಾಗೆ ಒತ್ತೋದು. ಎಲ್ಲಾ ಪ್ಲೇಟಲ್ಲೂ ಬದುಕಿದ ಕಲೆಗಳು ಅದೇ ಅದೇ ಜಾಗದಲ್ಲಿ ಬಂದ್ವು. ಅಂದ್ರೆ ತಡ್ಕೊಳ್ಳೋ ಗುಣ ಇದ್ದೋವು ಔಷಧಿ ನೋಡೋಕೂ ಮೊದಲೇ ಮೂಲ ಪ್ಲೇಟಲ್ಲಿ ಇದ್ವು, ಔಷಧಿ ಮಾಡಿದ್ದು ಉಳಿದೋವನ್ನ ಕೊಂದು ಇವುಗಳಿಗೆ ಜಾಗ ಮಾಡಿಕೊಟ್ಟಿದ್ದು ಅಷ್ಟೆ. ಕಳೆ ಕೀಳೋಕೆ ಹೋಗಿ ಪೈರನ್ನ ಕಿತ್ತು ಕಳೆ ಬಿಟ್ಟ ಹಾಗೆ.

ಆ ಗುಣ ಎಲ್ಲಿರುತ್ತೆ ಅಂದ್ರೆ ಡಿಎನ್ಎ ಬರಹದಲ್ಲಿ. ಎನ್ರೋಫ್ಲಾಕ್ಸಸಿನ್ ವಿಷಯದಲ್ಲಿ ಅದು ಸಾಮಾನ್ಯವಾಗಿ ಅಕ್ಷರ ತಪ್ಪಿಂದ ಶುರುವಾಗುತ್ತೆ. ಈ ಕೊಲೈ ಒಂದರೊಳಗೆ ಸುಮಾರು 46 ಲಕ್ಷ ಅಕ್ಷರ ಇರುತ್ತೆ, ಒಳ್ಳೇ ಊಟ ಬಿಸಿ ಸಿಕ್ರೆ 20 ನಿಮಿಷಕ್ಕೊಂದು ಸಲ ಅದನ್ನೆಲ್ಲ ನಕಲು ಮಾಡಿ ಎರಡಾಗುತ್ತೆ, ನಕಲು ಮಾಡೋವಾಗ ಅಲ್ಲೊಂದು ಇಲ್ಲೊಂದು ತಪ್ಪು ಬೀಳುತ್ತೆ. ಡಿಎನ್ಎ ಸುರುಳಿ ಬಿಚ್ಚಿ ಸುತ್ತೋ ಒಂದು ಪ್ರೋಟೀನ್ ಇದೆ, ಗೈರೇಸ್ ಅಂತ, ಈ ಔಷಧಿ ಹೋಗಿ ಕೂರೋದು ಅಲ್ಲಿ. ಆ ಪ್ರೋಟೀನ್ ಕಟ್ಟೋದು ಹೇಗೆ ಅಂತ ಬರೆದಿರೋ ಡಿಎನ್ಎ ಭಾಗಕ್ಕೆ ಜೀನ್ ಅಂತಾರೆ, ಅದರಲ್ಲಿ ಪ್ರೋಟೀನಿನ 83ನೇ ಕೊಂಡಿಯ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾದ್ರೂ ಸಾಕು, ಸೀರಿನ್ ಅನ್ನೋ ಕೊಂಡಿ ಇರಬೇಕಾದ ಕಡೆ ಲ್ಯೂಸಿನ್ ಬರುತ್ತೆ, ಔಷಧಿಗೆ ಹಿಡಿತ ತಪ್ಪುತ್ತೆ. ಕನ್ನಡದಲ್ಲಿ ‘ಹಾಲು’ ಅಂತ ಬರೆಯೋ ಕಡೆ ಲ ತಪ್ಪಿ ಳ ಬಂದ್ರೆ ‘ಹಾಳು’ ಆಗುತ್ತಲ್ಲ, ಹಾಗೆ.

ಇದು ಅಮ್ಮಂಗೂ ತಕ್ಷಣ ಅರ್ಥ ಆಯ್ತು. ಕಷ್ಟ ಆಗಿದ್ದು ಉಳಿದ ಮೂರು. ಯಾಕಂದ್ರೆ ಟೆಟ್ರಾಸೈಕ್ಲಿನ್, ಆಂಪಿಸಿಲಿನ್, ಸೆಫ್ಟ್ರಿಯಾಕ್ಸೋನ್ ಇವುಗಳಲ್ಲಿ ಹೆಚ್ಚಾಗಿ ನಡೆಯೋದು ತಪ್ಪು ಬರಹ ಅಲ್ಲ, ಎರವಲು ತಂದಿದ್ದು. ಟೆಟ್ರಾಸೈಕ್ಲಿನ್‌ಗೆ ಟೆಟ್ ಅಂತ ಒಂದು ಜೀನ್ ಕುಟುಂಬವೇ ಇದೆ, ಅದ್ರಲ್ಲಿ ಕೆಲವು ಪಂಪ್ ಕಟ್ಟಿ ಕೊಡುತ್ವೆ, ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನುಗ್ಗಿದ ನೀರನ್ನ ಮೋಟರ್ ಇಟ್ಟು ರಸ್ತೆಗೆ ಹಾಕ್ತಾರಲ್ಲ ಹಾಗೆ ಒಳಗೆ ಬಂದ ಔಷಧೀನ ಬಂದ ಹಾಗೇ ಹೊರಗೆ ಹಾಕುತ್ತೆ. ಸೆಫ್ಟ್ರಿಯಾಕ್ಸೋನ್‌ಗೆ ಸಿಟಿಎಕ್ಸ್-ಎಂ ಅನ್ನೋ ಕಿಣ್ವ, ಔಷಧಿ ಅಣುವಿನ ಉಂಗುರಾನೇ ಕತ್ತರಿಸಿ ಹಾಕುತ್ತೆ, ಅದಿದ್ರೆ ಆಂಪಿಸಿಲಿನ್ ಕೂಡ ಹೋಯ್ತು. ಈ ಸಿಟಿಎಕ್ಸ್-ಎಂ ಜೀನು ಮೂಲತಃ ಈ ಕೊಲೈದಲ್ಲ, ಕ್ಲೂವೆರಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾದ್ದು, ಮನುಷ್ಯರಿಗೆ ಅಪರೂಪಕ್ಕೆ ತೊಂದರೆ ಕೊಡೋ ಬಡಪಾಯಿ ಅದು. ಅದರ ಮೂಲ ಡಿಎನ್ಎಯಲ್ಲಿ ತೆಪ್ಪಗೆ ಕೂತಿದ್ದ ಜೀನನ್ನ ನೆಗೆಯೋ ಡಿಎನ್ಎ ತುಂಡೊಂದು ಎತ್ಕೊಂಡು ಪ್ಲಾಸ್ಮಿಡ್ ಮೇಲೆ ಕೂರಿಸ್ತು, ಅಲ್ಲಿಂದ ಅದು ಪ್ರಪಂಚ ಸುತ್ತೋಕೆ ಶುರು ಮಾಡ್ತು. ಅದರಲ್ಲಿ 15ನೇ ನಂಬರಿಂದು, ಇವತ್ತು ಎಲ್ಲಾ ಕಡೆ ಕಾಣೋದು, ಮೊದಲು ವರದಿಯಾಗಿದ್ದು ದೆಹಲಿಯ ರೋಗಿಗಳಿಂದ ತೆಗೆದ ಬ್ಯಾಕ್ಟೀರಿಯಾದಲ್ಲಿ, 2001ರಲ್ಲಿ.

ಪ್ಲಾಸ್ಮಿಡ್ ಅಂದ್ರೇನು ಅಂತ ಅಮ್ಮಂಗೆ ಹೇಳೋಕೆ ನಂಗೆ ಮಾತೇ ಸಿಗ್ಲಿಲ್ಲ. ಮುಖ್ಯ ಡಿಎನ್ಎ ಬಿಟ್ಟು ಪಕ್ಕದಲ್ಲಿರೋ ಚಿಕ್ಕ ಉಂಗುರ, ಇದನ್ನ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಕೊಡಬಹುದು, ತನ್ನ ಮರಿಗೆ ಮಾತ್ರ ಅಲ್ಲ, ಪಕ್ಕದಲ್ಲಿರೋ ಬೇರೆ ಜಾತಿಯದಕ್ಕೂ. ಕೊಟ್ರೆ ಅದ್ರ ಹತ್ರ ಹೋಯ್ತಲ್ಲ, ಆಮೇಲೆ ಅದು ಸಾಯುತ್ತೆ ತಾನೇ ಅಂತ ಅಮ್ಮ ಕೇಳಿದ್ಲು. ಆಗ ನೆನಪಾಯ್ತು, ಹೆಪ್ಪು. ಪಕ್ಕದ ಮನೆಯೋರು ಲೋಟ ಹಿಡ್ಕೊಂಡು ಬಂದು ಒಂಚೂರು ಹೆಪ್ಪಿದ್ರೆ ಕೊಡಕ್ಕ ಅಂತಾರೆ, ಒಂದು ಚಮಚ ಕೊಡ್ತೀವಿ, ರಾತ್ರಿ ಕಳೆಯೋದ್ರೊಳಗೆ ಅವರ ಮನೇಲೂ ಪಾತ್ರೆ ತುಂಬ ಮೊಸರು, ನಮ್ಮನೇಲೂ ಪಾತ್ರೆ ತುಂಬ ಮೊಸರು, ಕೊಟ್ಟೋರಿಗೆ ಏನೂ ಕಮ್ಮಿ ಆಗಲ್ಲ. ಮಾರನೇ ದಿನ ಅವರು ಇನ್ನೊಂದು ಮನೆಗೆ ಕೊಡಬಹುದು. ಪ್ಲಾಸ್ಮಿಡ್ ಕೂಡ ಹಾಗೇ, ಕೊಡ್ತಾ ಕೊಡ್ತಾನೇ ನಕಲಾಗುತ್ತೆ, ಎರಡೂ ಕಡೆ ಉಳಿಯುತ್ತೆ. ಜಪಾನಲ್ಲಿ 1950ರ ದಶಕದ ಕೊನೇಲಿ ಆಮಶಂಕೆ ರೋಗಾಣು ಒಟ್ಟೊಟ್ಟಿಗೆ ನಾಲ್ಕು ಔಷಧಿಗೆ ಬಗ್ಗದೇ ಹೋದಾಗ ಡಾಕ್ಟರುಗಳು ತಲೆ ಕೆಡಿಸ್ಕೊಂಡಿದ್ರು, ನಾಲ್ಕು ತಪ್ಪು ಒಂದೇ ಸಲಕ್ಕೆ ಬೀಳೋಕೆ ಹೇಗೆ ಸಾಧ್ಯ ಅಂತ. 1959ರಲ್ಲಿ ಅಕಿಬಾ, ಒಚಿಯಾಯ್ ಮೊದಲಾದ ಜಪಾನಿ ವಿಜ್ಞಾನಿಗಳು ತೋರಿಸಿದ್ದು ಇದನ್ನೇ, ನಾಲ್ಕೂ ಒಂದೇ ಗಂಟಲ್ಲಿ ಈ ಕೊಲೈಯಿಂದ ಆಮಶಂಕೆ ರೋಗಾಣುಗೆ ದಾಟುತ್ತೆ, ಎರಡನ್ನೂ ಒಂದೇ ಕಡೆ ಬೆಳೆಯೋಕೆ ಬಿಟ್ರೆ ಸಾಕು.

ಒಂದೇ ಗಂಟಲ್ಲಿ ಅನ್ನೋದು ನಾನು ಒತ್ತಿ ಹೇಳಬೇಕಾಗಿರೋ ವಿಷಯ, ಯಾಕಂದ್ರೆ ಕೊಟ್ಟಿಗೇಲಿ ನಮ್ಮ ಲೆಕ್ಕ ತಪ್ಪೋದೇ ಇಲ್ಲಿ. ನಾವೇನು ಅಂದ್ಕೋತೀವಿ, ಸೆಫ್ಟ್ರಿಯಾಕ್ಸೋನ್ ದೊಡ್ಡ ಔಷಧಿ, ಅದನ್ನ ಕಮ್ಮಿ ಬಳಸೋಣ, ಟೆಟ್ರಾಸೈಕ್ಲಿನ್ ಹಳೇ ಔಷಧಿ, ಅಗ್ಗ, ಅದನ್ನ ಎಷ್ಟು ಕೊಟ್ರೂ ಪರವಾಗಿಲ್ಲ ಅಂತ. ಆದ್ರೆ ಟೆಟ್ ಜೀನೂ ಸಿಟಿಎಕ್ಸ್-ಎಂ ಜೀನೂ ಒಂದೇ ಪ್ಲಾಸ್ಮಿಡ್ ಮೇಲೆ ಇದ್ರೆ, ನೀವು ಟೆಟ್ರಾಸೈಕ್ಲಿನ್ ಕೊಟ್ಟಾಗ ಉಳಿಯೋದು ಆ ಪ್ಲಾಸ್ಮಿಡ್ ಇರೋವೇ, ಅಂದ್ರೆ ಸೆಫ್ಟ್ರಿಯಾಕ್ಸೋನ್ ಮುಟ್ಟದೇನೇ ಸೆಫ್ಟ್ರಿಯಾಕ್ಸೋನ್ ಸೋಲೋ ಹಾಗೆ ಮಾಡಿರ್ತೀವಿ. ಎರಡು ಹಸೂನ ಒಂದೇ ಹಗ್ಗಕ್ಕೆ ಕಟ್ಟಿದ್ರೆ ಒಂದನ್ನ ಎಳೆದಾಗ ಇನ್ನೊಂದೂ ಬರುತ್ತೆ.

ಟೆಟ್ರಾಸೈಕ್ಲಿನ್ ಕಥೆ ನಮ್ಮ ಕಡೆಯಿಂದ್ಲೇ ಶುರು ಮಾಡಬಹುದು. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಲೆಡರ್ಲಿ ಕಂಪನಿಯ ಸಂಶೋಧನೆ ಮುಖ್ಯಸ್ಥರಾಗಿದ್ದಾಗ ಅಲ್ಲಿ ಬೆಂಜಮಿನ್ ಡುಗ್ಗರ್ ಅನ್ನೋರು ಮಣ್ಣಿನ ಜೀವಿಯೊಂದರಿಂದ ಆರಿಯೋಮೈಸಿನ್ ತೆಗೆದ್ರು, ಟೆಟ್ರಾಸೈಕ್ಲಿನ್ ಕುಟುಂಬದ ಮೊದಲನೇದು, 1948ರಲ್ಲಿ ಹೊರಗೆ ಬಂತು. ಅದೇ ವರ್ಷ ಸುಬ್ಬರಾವ್ ತೀರ್ಕೊಂಡ್ರು. ಆಮೇಲೆ ಅದೇ ಕಂಪನೀಲಿ ಥಾಮಸ್ ಜ್ಯೂಕ್ಸ್ ಮತ್ತೆ ರಾಬರ್ಟ್ ಸ್ಟಾಕ್‌ಸ್ಟಾಡ್, ಔಷಧಿ ತೆಗೆದ ಮೇಲೆ ಉಳಿದ ಚರಟದಲ್ಲಿ ಬಿ12 ವಿಟಮಿನ್ ಇರುತ್ತೆ ಅಂತ ಅದನ್ನ ಕೋಳಿಮರಿಗೆ ಹಾಕಿ ನೋಡಿದ್ರು. ಮರಿಗಳು ಬಿ12 ಲೆಕ್ಕಕ್ಕಿಂತ ಜಾಸ್ತಿ ಬೆಳೆದ್ವು, ಚರಟದಲ್ಲಿ ಉಳಿದಿದ್ದ ಔಷಧಿ ಕಾರಣ. 1950ರಲ್ಲಿ ಇದು ಪೇಪರಲ್ಲಿ ಬಂದ ಮೇಲೆ ಕೋಳಿ, ಹಂದಿ, ದನದ ಆಹಾರಕ್ಕೆ ಚಿಟಿಕೆ ಚಿಟಿಕೆ ಆಂಟಿಬಯಾಟಿಕ್ ಬೆರೆಸೋದು ವಾಡಿಕೆಯಾಗಿ ಹೋಯ್ತು. ರೋಗ ಇಲ್ಲದ ಪ್ರಾಣಿಗೆ, ರೋಗಾಣು ಸಾಯದಷ್ಟು ಕಮ್ಮಿ ಪ್ರಮಾಣದಲ್ಲಿ, ದಿನಾ. ಇದಕ್ಕಿಂತ ಚೆನ್ನಾಗಿ ತಡ್ಕೊಳ್ಳೋ ಬ್ಯಾಕ್ಟೀರಿಯಾ ಆರಿಸಿ ಬೆಳೆಸೋ ವಿಧಾನ ನಮ್ಮ ಲ್ಯಾಬಲ್ಲೂ ಇಲ್ಲ.

1970ರ ದಶಕದಲ್ಲಿ ಬಾಸ್ಟನ್ ಹತ್ರ ಶೆರ್‌ಬಾರ್ನ್ ಅನ್ನೋ ಊರಲ್ಲಿ ಸ್ಟುವರ್ಟ್ ಲೆವಿ ಅನ್ನೋ ವಿಜ್ಞಾನಿ ಮಾಡಿದ ಪ್ರಯೋಗ ಓದಿದಾಗೆಲ್ಲ ನಂಗೆ ನಮ್ಮ ಮನೇನೇ ಕಣ್ಮುಂದೆ ಬರುತ್ತೆ. ಸಂಸಾರಸ್ಥರ ಮನೆ, ಮಕ್ಕಳೂ ಇದ್ರು, ಅಲ್ಲಿಗೆ ಸುಮಾರು 300 ಕೋಳಿಮರಿ ತಂದು, ಕೆಲವಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಬೆರೆಸಿದ ಆಹಾರ, ಕೆಲವಕ್ಕೆ ಬರೀ ಆಹಾರ ಕೊಟ್ರು. ಖರ್ಚು ಕೊಟ್ಟಿದ್ದು ಪ್ರಾಣಿ ಔಷಧಿ ಕಂಪನಿಗಳ ಸಂಘವೇ. ಒಂದೆರಡು ವಾರದೊಳಗೆ ಔಷಧಿ ತಿಂದ ಕೋಳಿಗಳ ಹಿಕ್ಕೇಲಿ ಟೆಟ್ರಾಸೈಕ್ಲಿನ್‌ಗೆ ಸಾಯದ ಬ್ಯಾಕ್ಟೀರಿಯಾನೇ ತುಂಬ್ಕೊಂಡ್ವು. ಅದು ನಿರೀಕ್ಷೆ ಇದ್ದಿದ್ದೇ. ಆಮೇಲಾಗಿದ್ದು ಎರಡು. ಒಂದು, ಟೆಟ್ರಾಸೈಕ್ಲಿನ್ ಬಿಟ್ಟು ಬೇರೇನೂ ಕೊಡದಿದ್ರೂ ಕೆಲವು ವಾರದಲ್ಲಿ ಆ ಬ್ಯಾಕ್ಟೀರಿಯಾಗಳು ಆಂಪಿಸಿಲಿನ್, ಸ್ಟ್ರೆಪ್ಟೋಮೈಸಿನ್ ಹಿಂಗೆ ಬೇರೆ ಬೇರೆ ಔಷಧಿಗೂ ಬಗ್ಗದ ಹಾಗಾದ್ವು, ಅದೇ ಒಂದು ಹಗ್ಗದ ಕಥೆ. ಎರಡು, ಕೆಲವು ತಿಂಗಳು ಕಳೆದ ಮೇಲೆ ಆ ಮನೆಯವರ ಮಲದಲ್ಲೂ ಅಂಥ ಬ್ಯಾಕ್ಟೀರಿಯಾ ಸಿಕ್ವು, ಅಕ್ಕಪಕ್ಕದ ಮನೆಯವರಿಗಿಂತ ತುಂಬಾ ಜಾಸ್ತಿ. ಅವರ್ಯಾರೂ ಆ ಔಷಧಿ ತಿಂದಿರ್ಲಿಲ್ಲ. ಬೂಟು, ಕೈ, ಧೂಳು, ಮೊಟ್ಟೆ ಎತ್ತೋ ಬುಟ್ಟಿ, ದಿನಾ ಓಡಾಡೋ ದಾರಿ, ಇಷ್ಟೇ ಸಾಕಾಗಿತ್ತು. 1976ರಲ್ಲಿ ಇದು ಪ್ರಕಟ ಆಯ್ತು. ಔಷಧಿ ಹಾಕಿದ ಆಹಾರ ನಿಲ್ಲಿಸಿ ಆರು ತಿಂಗಳಾದ ಮೇಲೆ ಮನೆಯವರಲ್ಲಿ ಬಹುಪಾಲು ಜನರಲ್ಲಿ ಆ ಬ್ಯಾಕ್ಟೀರಿಯಾ ಸಿಗ್ಲಿಲ್ಲ ಅನ್ನೋದೂ ಅದ್ರಲ್ಲೇ ಇದೆ, ನಂಗೆ ಧೈರ್ಯ ಕೊಡೋದು ಆ ಸಾಲು.

ನಮ್ಮನೇಲಿ ಅಮ್ಮ ಕೊಟ್ಟಿಗೆ ಬಾಚಿದ ಕೈ ತೊಳ್ಕೊಂಡು ಅದೇ ಸೆರಗಲ್ಲಿ ಒರೆಸ್ಕೊಂಡು ಒಳಗೆ ಬಂದು ಮಗು ಎತ್ಕೋತಾಳೆ, ನನ್ನ ಮಗಳು ಅವಳು, ಆಗ ಎರಡು ವರ್ಷ.

ಇನ್ನೊಂದು ವಿಷಯ ಲ್ಯಾಬಲ್ಲಿರೋ ಕಾರಣಕ್ಕೆ ನಂಗೆ ತುಂಬಾ ತಟ್ಟಿದ್ದು, ಕೊಲಿಸ್ಟಿನ್. ಹಳೇ ಔಷಧಿ, ಕಿಡ್ನಿಗೆ ಪೆಟ್ಟು ಕೊಡುತ್ತೆ ಅಂತ ಮನುಷ್ಯರಿಗೆ ಕೊಡೋದನ್ನ ಒಂದು ಕಾಲಕ್ಕೆ ಹೆಚ್ಚುಕಮ್ಮಿ ಬಿಟ್ಟಿದ್ರು, ಬೇರೆಲ್ಲಾ ಔಷಧಿ ಸೋತ ಮೇಲೆ ಐಸಿಯುಗಳಲ್ಲಿ ವಾಪಸ್ ಹೊರಗೆ ತೆಗೆದ್ರು. ರಾತ್ರಿ ಡ್ಯೂಟೀಲಿ ಐಸಿಯುಯಿಂದ ಫೋನ್ ಬಂದು, ಕೊಲಿಸ್ಟಿನ್ ಆದ್ರೂ ಕೆಲಸ ಮಾಡುತ್ತಾ ಅಂತ ಡಾಕ್ಟ್ರು ಕೇಳೋ ದನಿ ಹೇಗಿರುತ್ತೆ ಅಂತ ನಂಗೆ ಗೊತ್ತು. ಅದೇ ಔಷಧೀನ ಅಷ್ಟೂ ವರ್ಷ ಹಂದಿ, ಕೋಳಿ ಆಹಾರಕ್ಕೆ ಬೆರೆಸ್ತಾನೇ ಇದ್ರು. 2015ರ ನವೆಂಬರಲ್ಲಿ ಚೀನಾದ ವಿಜ್ಞಾನಿಗಳು ಹಂದಿಯಿಂದ ತೆಗೆದ ಈ ಕೊಲೈದಲ್ಲಿ ಎಂಸಿಆರ್-1 ಅನ್ನೋ ಜೀನ್ ಸಿಕ್ಕಿದೆ ಅಂತ ಬರೆದ್ರು. ಅದುವರೆಗೂ ಕೊಲಿಸ್ಟಿನ್‌ಗೆ ಬಗ್ಗದಿರೋದು ಅಂದ್ರೆ ಆಯಾ ಬ್ಯಾಕ್ಟೀರಿಯಾದ ಸ್ವಂತ ಡಿಎನ್ಎಯ ತಪ್ಪು, ಅದು ವಂಶಕ್ಕಷ್ಟೇ ಸೀಮಿತ, ಅಂತ ಸಮಾಧಾನ ಇತ್ತು. ಇದು ಪ್ಲಾಸ್ಮಿಡ್ ಮೇಲಿತ್ತು. ಅವರು ನೋಡಿದ 523 ಹಸಿ ಮಾಂಸದ ಸ್ಯಾಂಪಲ್ಲಲ್ಲಿ 78ರಲ್ಲಿ, 804 ಪ್ರಾಣಿ ಸ್ಯಾಂಪಲ್ಲಲ್ಲಿ 166ರಲ್ಲಿ, ಆಸ್ಪತ್ರೆ ರೋಗಿಗಳ 1,322ರಲ್ಲಿ 16ರಲ್ಲಿ ಈ ಜೀನ್ ಇತ್ತು. ಅಂಕಿಗಳ ಇಳಿಜಾರು ನೋಡಿದ್ರೆ ನೀರು ಯಾವ ಕಡೆಯಿಂದ ಯಾವ ಕಡೆ ಹರೀತಿದೆ ಅಂತ ಅನ್ನಿಸುತ್ತೆ.

ಆ ಜೀನ್ ಮಾಡೋ ಕೆಲಸ ಎಷ್ಟು ಚಿಕ್ಕದು ಅಂದ್ರೆ, ಬ್ಯಾಕ್ಟೀರಿಯಾದ ಹೊರ ಪದರಕ್ಕೆ ನೆಗೆಟಿವ್ ಚಾರ್ಜ್ ಇರುತ್ತೆ, ಕೊಲಿಸ್ಟಿನ್ ಪಾಸಿಟಿವ್, ಅಯಸ್ಕಾಂತದ ಹಾಗೆ ಹೋಗಿ ಅಂಟ್ಕೊಂಡು ಪದರ ಹರಿಯುತ್ತೆ. ಎಂಸಿಆರ್ ಕಿಣ್ವ ಆ ಪದರಕ್ಕೆ ಒಂದು ಚಿಕ್ಕ ತುಂಡು ಸೇರಿಸಿ ಚಾರ್ಜ್ ಕಮ್ಮಿ ಮಾಡುತ್ತೆ, ಔಷಧಿ ಅಂಟಲ್ಲ. ಅಷ್ಟೇ. ಐಸಿಯುನಲ್ಲಿ ಮಲಗಿರೋ ಒಬ್ಬರ ಕೊನೇ ಆಸರೆ ಅಷ್ಟಕ್ಕೇ ಹೋಗುತ್ತೆ. ಚೀನಾ 2017ರಲ್ಲಿ ಬೆಳವಣಿಗೆಗೆ ಅಂತ ಕೊಲಿಸ್ಟಿನ್ ಬೆರೆಸೋದನ್ನ ನಿಲ್ಲಿಸ್ತು, ಆಮೇಲೆ ಅಲ್ಲಿ ಮಾಡಿದ ಸಮೀಕ್ಷೇಲಿ ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಈ ಜೀನ್ ಇಳಿದಿದ್ದು ಕಾಣಿಸ್ತು. ನಮ್ಮ ದೇಶದಲ್ಲಿ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕೋ ಪ್ರಾಣಿ, ಕೋಳಿ, ಮೀನು ಇವುಗಳಿಗೆ ಕೊಲಿಸ್ಟಿನ್ ತಯಾರಿಸೋದು, ಮಾರೋದು, ಹಂಚೋದು ನಿಷೇಧ ಆಯ್ತು. ಒಳ್ಳೇ ಕೆಲಸ, ನಾನು ಆ ದಿನ ಲ್ಯಾಬಲ್ಲಿ ಎಲ್ಲರಿಗೂ ಓದಿ ಹೇಳಿದ್ದೆ.

ಈ ಜೀನ್‌ಗಳನ್ನ ನಾವೇ ಹುಟ್ಟಿಸಿದ್ದು ಅಂತ ಕೆಲವರು ಬರೀತಾರೆ, ಅದು ಸರಿ ಅಲ್ಲ. ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳಿಗೆ ಬರೋ ಮುಂಚೆ, 1940ರಲ್ಲೇ, ಅಬ್ರಹಾಂ ಮತ್ತೆ ಚೈನ್ ಅನ್ನೋ ವಿಜ್ಞಾನಿಗಳು ಅದನ್ನ ಒಡೆಯೋ ಕಿಣ್ವ ಬ್ಯಾಕ್ಟೀರಿಯಾದಲ್ಲಿದೆ ಅಂತ ತೋರಿಸಿದ್ರು. ಉತ್ತರದ ಹೆಪ್ಪುಗಟ್ಟಿದ ನೆಲದಿಂದ ತೆಗೆದ 30,000 ವರ್ಷ ಹಳೇ ಡಿಎನ್ಎಯಲ್ಲೂ ಇಂಥ ಜೀನ್ ಸಿಕ್ಕಿವೆ. ಹಸುಗಳಿಗೆ ಹತ್ರದ ಉದಾಹರಣೆ ಅಂದ್ರೆ, 2011ರಲ್ಲಿ ಇಂಗ್ಲೆಂಡಲ್ಲಿ ಹಾಲಿನ ಸ್ಯಾಂಪಲ್‌ಗಳಲ್ಲಿ ಮೆಕ್-ಸಿ ಅನ್ನೋ ಜೀನ್ ಇರೋ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಸಿಕ್ತು, ಪೆನಿಸಿಲಿನ್ ಕುಟುಂಬದ ಮೆಥಿಸಿಲಿನ್‌ಗೆ ಬಗ್ಗದ್ದು, ಎಲ್ಲರೂ ಡೈರಿ ಹಸುಗಳಿಗೆ ಕೊಟ್ಟ ಔಷಧೀನೇ ಕಾರಣ ಅಂದ್ಕೊಂಡ್ರು. ಆಮೇಲೆ 2022ರಲ್ಲಿ ಗೊತ್ತಾಗಿದ್ದು ಬೇರೇನೇ. ಹೆಡ್ಜ್‌ಹಾಗ್ ಅಂತ ಯುರೋಪಲ್ಲಿ ಮೈತುಂಬ ಮುಳ್ಳಿರೋ ಪುಟ್ಟ ಪ್ರಾಣಿ ಇದೆ, ನಮ್ಮ ಮುಳ್ಳುಹಂದಿ ಅಲ್ಲ, ಅದರ ಚರ್ಮದ ಮೇಲೆ ಬೆಳೆಯೋ ಒಂದು ಬೂಷ್ಟು ಪೆನಿಸಿಲಿನ್ ಥರದ್ದನ್ನ ತಾನೇ ತಯಾರಿಸುತ್ತೆ, ಅದ್ರ ಪಕ್ಕ ಬದುಕಬೇಕಾದ ಸ್ಟ್ಯಾಫಿಲೋಕಾಕಸ್ ಆ ಜೀನ್ ಇಟ್ಕೊಂಡಿತ್ತು, 1800ರ ದಶಕದ ಶುರುವಿಂದ್ಲೇ. ಅಂದ್ರೆ ಆಂಟಿಬಯಾಟಿಕ್ ಔಷಧಿ ಬಳಕೆಗೆ ಬರೋಕೆ ನೂರಕ್ಕೂ ಹೆಚ್ಚು ವರ್ಷ ಮುಂಚೆ.

ಹಾಗಾದ್ರೆ ನಮ್ಮ ತಪ್ಪೇನೂ ಇಲ್ವಾ ಅಂತ ಅಮ್ಮ ಕೇಳಿದ್ಲು. ಈ ಪ್ರಶ್ನೆಗೆ ನಾನು ತುಂಬಾ ದಿನ ಯೋಚಿಸಿದೀನಿ. ಮಣ್ಣಲ್ಲಿ, ಬೂಷ್ಟಲ್ಲಿ, ಯಾವುದೋ ಮೂಲೇಲಿ ಒಂದು ಚಮಚದಷ್ಟು ಇದ್ದ ಹೆಪ್ಪು ಅದು. ಅದಕ್ಕೆ ಲೀಟರ್‌ಗಟ್ಟಲೆ ಬೆಚ್ಚನೇ ಹಾಲು ಸುರಿದಿದ್ದು ನಾವು.

ಹಾಲು ಸುರಿದಿದ್ದು ಅನ್ನೋದನ್ನ ನಾನು ಬರೀ ಹೋಲಿಕೆಗೆ ಹೇಳ್ತಿಲ್ಲ. ಚುಕ್ಕಿಯ ಬಾವಿನ ಮೊಲೆ ಹಾಲನ್ನ ಚೆಲ್ತೀನಿ ಅಂದಿದ್ಲಲ್ಲ ಅಮ್ಮ, ಎಲ್ಲಿ ಚೆಲ್ತಿದ್ಯಾ ಅಂತ ನಾನು ಕೇಳಿರ್ಲಿಲ್ಲ. ಊರಿಗೆ ಹೋದಾಗ ನೋಡ್ದೆ, ಗಡ್ಡೆ ಇರೋದನ್ನ ತಿಪ್ಪೆಗೆ, ಗಡ್ಡೆ ಇಲ್ಲದ್ದನ್ನ ಕರುವಿಗೆ. ಡೈರಿಗೆ ಹಾಕೋ ಹಾಗಿಲ್ಲ, ಮನೆಯವರು ಕುಡಿಯೋ ಹಾಗಿಲ್ಲ, ಚೆಲ್ಲೋಕೆ ಮನಸ್ಸು ಬರಲ್ಲ, ಕರು ಆದ್ರೂ ಕುಡೀಲಿ. ನಮ್ಮೂರಲ್ಲಿ ಎಲ್ಲಾ ಮನೇಲೂ ಹಿಂಗೇ, ನಾನು ಚಿಕ್ಕವನಿದ್ದಾಗಿಂದ ನೋಡಿದೀನಿ, ಪ್ರಪಂಚದ ದೊಡ್ಡ ದೊಡ್ಡ ಡೈರಿ ಫಾರಂಗಳಲ್ಲೂ ಹಿಂಗೇ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2017ರಲ್ಲಿ ಇದನ್ನೇ ಪರಿಶೀಲಿಸಿ, ಔಷಧಿ ಉಳ್ಕೊಂಡಿರೋ ಹಾಲು ಕುಡಿದ ಕರುಗಳ ಸೆಗಣೀಲಿ ತಡ್ಕೊಳ್ಳೋ ಬ್ಯಾಕ್ಟೀರಿಯಾ ಜಾಸ್ತಿ ಆಗುತ್ತೆ ಅಂತ ಹೇಳಿದೆ. ಯೋಚನೆ ಮಾಡಿದ್ರೆ ಆಗದೇ ಹೇಗಿರುತ್ತೆ, ಕರುವಿನ ಹೊಟ್ಟೆ ಬೆಚ್ಚಗಿದೆ, ಒಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಮೈಗೆ ಮೈ ತಾಗಿಸ್ಕೊಂಡಿವೆ, ಮೇಲಿಂದ ದಿನಕ್ಕೆರಡು ಸಲ ಸಾಯದಷ್ಟು ಪ್ರಮಾಣದ ಔಷಧಿ ಹಾಲಿನ ಜೊತೆ ಬರ್ತಿದೆ. 1950ರ ಕೋಳಿಮರಿಗಳಿಗೆ ಮಾಡಿದ್ದನ್ನ ನಾವು ಪ್ರೀತಿಯಿಂದ ಕರುವಿಗೆ ಮಾಡ್ತಿದ್ವಿ. ಆ ಕರುವಿನ ಸೆಗಣಿ ತಿಪ್ಪೆಗೆ, ತಿಪ್ಪೆ ಗೊಬ್ಬರ ಪೂರ್ತಿ ಕೊಳೆಯೋ ಮುಂಚೆ ಹೊಲಕ್ಕೆ, ಕೊಟ್ಟಿಗೆ ತೊಳೆದ ನೀರು ಬಾವಿ ಕಡೆಗೆ. ಬ್ಯಾಕ್ಟೀರಿಯಾ ಸತ್ರೂ ಪ್ಲಾಸ್ಮಿಡ್ ಅಷ್ಟರಲ್ಲಿ ಪಕ್ಕದ ಮನೆಗೆ ಹೋಗಿರುತ್ತೆ.

ಇದನ್ನ ಅಮ್ಮಂಗೆ ಹೇಳಿದಾಗ ಅವಳು ಅತ್ತಿದ್ದು ನಂಗೆ ಇವತ್ತಿಗೂ ನೋವು. ನನ್ನ ಕೈಯಾರೆ ಕೊಟ್ನಲ್ಲೋ ಅಂದ್ಲು. ಅವಳಿಗೆ ಯಾರೂ ಹೇಳಿರ್ಲಿಲ್ಲ. ಔಷಧಿ ಬಾಟ್ಲಿ ಮೇಲೆ ಇಂಗ್ಲೀಷಲ್ಲಿ ಸಾಸಿವೆಕಾಳಿನಷ್ಟು ಅಕ್ಷರದಲ್ಲಿ ಇರುತ್ತೆ. 2012ರಲ್ಲೇ ನಮ್ಮ ಔಷಧಿ ನಿಯಮಕ್ಕೆ ತಿದ್ದುಪಡಿ ಆಗಿದೆ, ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು, ಮೊಟ್ಟೆ, ಮಾಂಸ ಬಳಸಬಾರದು ಅಂತ ಲೇಬಲ್ ಮೇಲೆ ಬರೀಬೇಕು, ಆ ಔಷಧಿಗೆ ಅಂತ ಲೆಕ್ಕ ಗೊತ್ತಿಲ್ಲದಿದ್ರೆ ಹಾಲಿಗೆ ಕಮ್ಮಿ ಅಂದ್ರೂ 7 ದಿನ. ನಮ್ಮನೇಲಿ ಹಾಲಲ್ಲಿ ಗಡ್ಡೆ ನಿಂತ ಮಾರನೇ ದಿನ ಡೈರಿಗೆ ಹಾಕಿದ್ವಿ, ಇದನ್ನೂ ಮುಚ್ಚಿಡಲ್ಲ. ಚುಕ್ಕಿ ಆಗ ದಿನಕ್ಕೆ 9 ಲೀಟರ್ ಕೊಡ್ತಿದ್ಲು. ಲೀಟರಿಗೆ 35 ರೂಪಾಯಿ ಅಂತಿಟ್ಕೊಂಡ್ರೂ 7 ದಿನಕ್ಕೆ 2,205 ರೂಪಾಯಿ. ಬೂಸಾ, ಹಿಂಡಿ ಖರ್ಚು ನಿಲ್ಲಲ್ಲ, ಡಾಕ್ಟ್ರ ಖರ್ಚು ಬೇರೆ. ಎಲ್ಲರೂ ಕುಡಿಯೋ ಹಾಲು ಚೆನ್ನಾಗಿರ್ಲಿ ಅಂತ ನಾನು ಚೆಲ್ತೀನಿ, ಆ ದುಡ್ಡು ನಂಗೊಬ್ಬಳಿಗೇ ಯಾಕೆ ಹೋಗ್ಬೇಕು ಅಂತ ಅಮ್ಮ ಕೇಳಿದ್ಲು. ಈ ಮಾತು ಮಾತ್ರ ನನ್ನ ಲ್ಯಾಬಲ್ಲಿ ಯಾವ ಪ್ಲೇಟಿಗೂ ಹಾಕೋಕಾಗಲ್ಲ, ವಿಧಾನಸೌಧದಲ್ಲಿ ಕೂತೋರು ಉತ್ತರ ಕೊಡಬೇಕು. ಹಸು ಸತ್ರೆ ವಿಮೆ ಇದೆ, ಔಷಧಿ ಹಾಲು ಚೆಲ್ಲಿದೋರಿಗೆ ವಾರದ ಹಾಲಿನ ದುಡ್ಡು ಕೊಡೋ ಹಾಗಾದ್ರೆ ನಮ್ಮೂರಲ್ಲಿ ಒಬ್ಬರೂ ಮುಚ್ಚಿಡಲ್ಲ, ಇದನ್ನ ನಾನು ಬರ್ಕೊಡ್ತೀನಿ.

ರಿಪೋರ್ಟಲ್ಲಿ ಉಂಗುರ ಬಂದಿದ್ದ ಔಷಧಿ ನೋಡಿ ಡಾಕ್ಟ್ರು ಬದಲಾಯಿಸಿದ್ರು, ಅದನ್ನ ಹೇಳಿದಷ್ಟೂ ದಿನ ಹಾಕ್ಸಿದ್ವಿ, ಚುಕ್ಕಿ ಚೇತರಿಸ್ಕೊಂಡ್ಲು, ಆ ಮೊಲೇಲಿ ಹಾಲು ಮಾತ್ರ ಮೊದಲಿನಷ್ಟು ಬರ್ಲಿಲ್ಲ. ಈಗ ಹಾಲು ಕರೆದ ಮೇಲೆ ತೊಟ್ಟುಗಳನ್ನ ಅಯೋಡಿನ್ ದ್ರಾವಣದಲ್ಲಿ ಅದ್ದುತ್ತಾಳೆ, ಕರೆದ ತಕ್ಷಣ ಮಲಗದ ಹಾಗೆ ಮುಂದೆ ಹುಲ್ಲು ಹಾಕ್ತಾಳೆ, ಯಾಕಂದ್ರೆ ತೊಟ್ಟಿನ ಬಾಯಿ ಮುಚ್ಕೊಳ್ಳೋಕೆ ಅರ್ಧ ಗಂಟೆ ಬೇಕು. ಹದಿನೈದು ದಿನಕ್ಕೊಂದು ಸಲ ನಾಲ್ಕು ಬಟ್ಲಲ್ಲಿ ನಾಲ್ಕು ಮೊಲೆ ಹಾಲು ತಗೊಂಡು ಸೋಪಿನ ಪುಡಿ ನೀರು ಬೆರೆಸಿ ಅಲ್ಲಾಡಿಸ್ತಾಳೆ, ಯಾವುದಾದ್ರೂ ಲೋಳೆ ಲೋಳೆ ಆದ್ರೆ ಊತ ಕಾಣೋ ಮುಂಚೇನೇ ಬಾವು ಶುರುವಾಗಿದೆ ಅಂತ ಅರ್ಥ. ಆಗ ಮೊದಲು ಡಾಕ್ಟ್ರಿಗೆ ಫೋನು, ನಂಗಲ್ಲ. ಎನ್‌ಡಿಡಿಬಿ, ಅಂದ್ರೆ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರು ಹೇಳ್ಕೊಡೋ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಕೆಚ್ಚಲಿಗೆ ಹಚ್ಚೋದನ್ನೂ ಶುರುವಿನಲ್ಲೇ ಮಾಡ್ತಾಳೆ. ತಿಪ್ಪೇನ ಬಾವಿಯಿಂದ ದೂರ ಹಾಕಿದೀವಿ, ರಾಶಿ ಕಾವೇರೋವರೆಗೂ ಬಿಟ್ಟು, ಮಗುಚಿ, ಪೂರ್ತಿ ಕಳಿತ ಮೇಲೇ ಹೊಲಕ್ಕೆ.

ಇಷ್ಟಾದ ಮೇಲೆ ಈ ವರ್ಷ ಮಳೆಗಾಲದಲ್ಲಿ ಗೌರಿಗೆ ಬಾವು ಬಂತು. ಡಾಕ್ಟ್ರು ಬಂದು ನೋಡಿ ಇಂಜೆಕ್ಷನ್ ಬೇಕೇ ಬೇಕು ಅಂದ್ರು. ಅಮ್ಮ ಗೋಡೆ ಮೇಲಿದ್ದ ಕ್ಯಾಲೆಂಡರಲ್ಲಿ ಕೊನೇ ಇಂಜೆಕ್ಷನ್ ದಿನಕ್ಕೆ ಸುತ್ತು ಹಾಕಿ, ಅಲ್ಲಿಂದ ಏಳು ಮನೆ ಎಣಿಸಿ ಇನ್ನೊಂದು ಸುತ್ತು ಹಾಕಿದ್ಲು. ಅಷ್ಟೂ ದಿನದ ಹಾಲು ತೋಟದಾಚೆ ತೋಡಿದ ಗುಂಡಿಗೆ ಹೋಯ್ತು, ಕರು ಚುಕ್ಕಿ ಹಾಲು ಕುಡೀತು. ಎಂಟನೇ ದಿನ ರಾತ್ರಿ ಗೌರಿ ಹಾಲನ್ನ ಒಂದು ಚಿಕ್ಕ ಲೋಟಕ್ಕೆ ಹಾಕಿ, ಪಕ್ಕದ ಮನೆಯಿಂದ ಹೆಪ್ಪು ಇಸ್ಕೊಂಡು ಬಂದು ಬಿಟ್ಟು, ಅಕ್ಕಿ ಡಬ್ಬದಲ್ಲಿ ಇಟ್ಟಿದ್ಲಂತೆ. ಬೆಳಗ್ಗೆ ಆರು ಗಂಟೆಗೆ ನಂಗೆ ವಾಟ್ಸಾಪಲ್ಲಿ ಫೋಟೋ ಬಂತು, ಲೋಟಾನ ಓರೆ ಮಾಡಿ ಹಿಡಿದಿದಾಳೆ, ಮೊಸರು ಅಲ್ಲಾಡದೇ ನಿಂತಿದೆ. ಅವತ್ತೇ ಸಂಜೆ ಡೈರಿಗೆ ಹಾಕ್ಲಾ ಅಂತ ಕೇಳಿದ್ಲು. ಹಾಕು ಅಂದೆ. ಇರು, ಇನ್ನೊಂದು ದಿನ ನೋಡಿ ಹಾಕ್ತೀನಿ ಅಂತ ಅವಳೇ ಫೋನ್ ಇಟ್ಳು.